ಪೆಡಲ್‌ಬೋರ್ಡಿಗೆ ಪವರ್ ಸಪ್ಲೈ: ಆಂಪಿಯರ್ ಎಣಿಸುವ ಮೊದಲು ನೆಗೆಟಿವ್ ನೋಡಿ

ತೀರ್ಥಹಳ್ಳಿಯಿಂದ ಪ್ರಶ್ನೆ ಕೇಳಿರುವ ಗೆಳೆಯರಿಗೆ ನಮಸ್ಕಾರ. ನಿಮ್ಮ ತೊಂದರೆಯನ್ನು ನಾನು ಸರಿಯಾಗಿ ಅರ್ಥಮಾಡಿಕೊಂಡಿದ್ದೇನೆಯೇ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಗಿಟಾರಿನ ಧ್ವನಿಯನ್ನು ಬದಲಿಸುವ ಪೆಡಲ್‌ಗಳನ್ನು ಸಾಲಾಗಿ ಜೋಡಿಸಿದ ನಿಮ್ಮ ಬೋರ್ಡಿನಲ್ಲಿ ಕ್ರೈ ಬೇಬಿ ವಾ, ಐಬನೇಜ್ ಟಿಎಸ್9 ಎಂಬ ಓವರ್‌ಡ್ರೈವ್, ಬಾಸ್ ಡಿಎಸ್-1 ಎಂಬ ಡಿಸ್ಟಾರ್ಷನ್, ಧ್ವನಿಯನ್ನು ತಡಮಾಡಿ ಮರುಕಳಿಸುವ ಎರಡು ಡಿಲೇಗಳಾದ ಎಂಎಕ್ಸ್‌ಆರ್ ಕಾರ್ಬನ್ ಕಾಪಿ ಮತ್ತು ಬಾಸ್ ಡಿಡಿ-8, ಸಭಾಂಗಣದ ಅನುರಣನ ಕೊಡುವ ರಿವರ್ಬ್ ಆದ ಟಿಸಿಯವರ ಹಾಲ್ ಆಫ್ ಫೇಮ್ 2, ಹೀಗೆ ಆರು ಪೆಡಲ್‌ಗಳಿವೆ. ಇಷ್ಟಕ್ಕೂ 9 ವೋಲ್ಟ್, 2 ಆಂಪಿಯರ್‌ನ ಒಂದೇ ಅಡಾಪ್ಟರಿನಿಂದ ಡೈಸಿ ಚೈನ್ ಕೇಬಲ್, ಅಂದರೆ ಹಲವು ಕವಲುಗಳಿರುವ ಒಂದೇ ತಂತಿಯ ಮೂಲಕ ಕರೆಂಟ್ ಕೊಟ್ಟಿದ್ದೀರಿ. ಡಿಸ್ಟಾರ್ಷನ್ ಒತ್ತಿದ ಕೂಡಲೇ ಹಿಂದೆ ಜೀರುಂಡೆ ಕೂಗಿದಂಥ ಸದ್ದು ಏಳುತ್ತದೆ. ಅಂಗಡಿಯವರು 5 ಆಂಪಿಯರ್‌ನ ಅಡಾಪ್ಟರ್ ಹಾಕಿದರೆ ಸರಿಹೋಗುತ್ತದೆ ಎಂದಿದ್ದಾರೆ. ಅದನ್ನು ಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ.

ಕೊಳ್ಳಬೇಡಿ. ಏಕೆಂದರೆ ಲೆಕ್ಕ ಹಾಕಿ ನೋಡಿದರೆ ನಿಮ್ಮ ಬೋರ್ಡಿಗೆ ಆಂಪಿಯರ್ ಕೊರತೆ ಇಲ್ಲವೇ ಇಲ್ಲ. ವಾ ಪೆಡಲ್ ಎಳೆಯುವುದು ಒಂದು ಮಿಲಿಆಂಪಿಯರ್‌ನ ಆಸುಪಾಸು. ಟಿಎಸ್9 ಎಂಟರ ಸುತ್ತ. ಡಿಎಸ್-1ಕ್ಕೆ ಧಾರಾಳವಾಗಿ ಹತ್ತು ಎಂದು ಹಿಡಿಯಬಹುದು. ಕಾರ್ಬನ್ ಕಾಪಿ 26. ಡಿಡಿ-8 ಸುಮಾರು 65. ಹಾಲ್ ಆಫ್ ಫೇಮ್ 100. ಎಲ್ಲ ಸೇರಿದರೂ 210 ಮಿಲಿಆಂಪಿಯರ್ ಆಗುತ್ತದೆ, ಅಂದರೆ ಈಗಿರುವ ಅಡಾಪ್ಟರಿನ ಸಾಮರ್ಥ್ಯದ ಹತ್ತನೆಯ ಒಂದು ಭಾಗಕ್ಕಿಂತ ಕೊಂಚ ಹೆಚ್ಚು. ಪೆಡಲ್ ತನಗೆ ಬೇಕಾದಷ್ಟು ಕರೆಂಟನ್ನು ಮಾತ್ರ ಎಳೆದುಕೊಳ್ಳುತ್ತದೆ. ಮನೆಯ ಮೇಲಿನ ಟ್ಯಾಂಕ್ ಎರಡು ಪಟ್ಟು ದೊಡ್ಡದಾಯಿತೆಂದು ನಲ್ಲಿಯಲ್ಲಿ ನೀರೇನೂ ರಭಸವಾಗಿ ಬೀಳುವುದಿಲ್ಲ. ಆದ್ದರಿಂದ 5 ಆಂಪಿಯರ್ ತಂದರೆ ಪೆಡಲ್‌ಗಳಿಗೆ ಅಪಾಯವಿಲ್ಲ, ಆದರೆ ಜೀರುಂಡೆಯೂ ಹೋಗುವುದಿಲ್ಲ.

ಸದ್ದಿನ ಮೂಲ ಬೇರೆ ಕಡೆ ಇದೆ. ಡಿಡಿ-8 ಮತ್ತು ಹಾಲ್ ಆಫ್ ಫೇಮ್ ಒಳಗೆ ಇರುವುದು ಸಣ್ಣ ಕಂಪ್ಯೂಟರುಗಳು. ಅವುಗಳ ಪ್ರೊಸೆಸರ್ ಕರೆಂಟನ್ನು ಒಂದೇ ಸಮನಾಗಿ ಎಳೆಯದೆ, ತನ್ನ ಕ್ಲಾಕಿನ, ಅಂದರೆ ಒಳಗೆ ಒಂದೇ ಲಯದಲ್ಲಿ ಮಿಡಿಯುವ ಗಡಿಯಾರದ, ತಾಳಕ್ಕೆ ತಕ್ಕಂತೆ ತುಣುಕು ತುಣುಕಾಗಿ ಎಳೆಯುತ್ತದೆ. ಡೈಸಿ ಚೈನಿನಲ್ಲಿ ಎಲ್ಲ ಪೆಡಲ್‌ಗಳ ನೆಗೆಟಿವ್ ಒಂದೇ ತಂತಿ; ಆ ತಂತಿಗೂ ಸಣ್ಣದೊಂದು ಪ್ರತಿರೋಧ ಇದ್ದೇ ಇರುವುದರಿಂದ, ಈ ತುಣುಕು ಎಳೆತಗಳು ಅದರಲ್ಲಿ ಸಣ್ಣ ವೋಲ್ಟೇಜ್ ಏರಿಳಿತವಾಗಿ ಮೂಡುತ್ತವೆ. ಸಾಲದ್ದಕ್ಕೆ ಪೆಡಲ್‌ನಿಂದ ಪೆಡಲ್‌ಗೆ ಹೋಗುವ ಆಡಿಯೊ ಕೇಬಲಿನ ಹೊರಕವಚವೂ ಅದೇ ನೆಗೆಟಿವ್ ಆಗಿರುವುದರಿಂದ, ಕರೆಂಟ್ ಹಿಂದಿರುಗಲು ಎರಡು ದಾರಿಗಳಾಗಿ ಒಂದು ವೃತ್ತ ಏರ್ಪಡುತ್ತದೆ. ಆ ಏರಿಳಿತ ಈಗ ಸಿಗ್ನಲ್ ಹರಿಯುವ ದಾರಿಯಲ್ಲೇ ಇದೆ, ಡಿಎಸ್-1 ಅದನ್ನು ನಿಮ್ಮ ಗಿಟಾರಿನ ಧ್ವನಿಯೆಂದೇ ತಿಳಿದು ಹತ್ತಾರು ಪಟ್ಟು ಹಿಗ್ಗಿಸುತ್ತದೆ. ಕಾರ್ಬನ್ ಕಾಪಿ ಅನಲಾಗ್ ಆದರೂ ಪೂರ್ಣ ಸಾಧುವಲ್ಲ. ಅದರೊಳಗೆ ಧ್ವನಿಯನ್ನು ಕೈಯಿಂದ ಕೈಗೆ ಬಕೆಟ್ ದಾಟಿಸಿದಂತೆ ದಾಟಿಸಿ ತಡಮಾಡುವ ಬಕೆಟ್ ಬ್ರಿಗೇಡ್ ಚಿಪ್‌ಗಳನ್ನು ನಡೆಸಲು ಅದಕ್ಕೂ ಒಂದು ಕ್ಲಾಕ್ ಇದೆ. ಎರಡು ಕ್ಲಾಕ್‌ಗಳು ಒಂದೇ ತಂತಿಯಲ್ಲಿ ಸೇರಿದಾಗ, ಪ್ರತಿಯೊಂದೂ ಕಿವಿಗೆ ಕೇಳದಷ್ಟು ಎತ್ತರದಲ್ಲಿದ್ದರೂ, ಅವುಗಳ ವ್ಯತ್ಯಾಸ ಕೇಳುವ ಮಟ್ಟಕ್ಕೆ ಇಳಿದು ಸೀಟಿಯಾಗುತ್ತದೆ. ಡಿಲೇ ಟೈಮ್ ತಿರುಗಿಸಿದಾಗ ಸೀಟಿಯ ಶ್ರುತಿಯೂ ಬದಲಾಗುತ್ತಿದ್ದರೆ ಕಾರಣ ಇದೇ ಎಂದು ತಿಳಿಯಿರಿ.

ಹಣ ಖರ್ಚು ಮಾಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಿಟಾರನ್ನು ನೇರವಾಗಿ ಆಂಪ್‌ಗೆ, ಅಂದರೆ ಆಂಪ್ಲಿಫೈಯರಿಗೆ, ಹಾಕಿ ಕೇಳಿ. ಆಗಲೂ ಗುಂಯ್ ಎನ್ನುತ್ತಿದ್ದು, ನೀವು ದಿಕ್ಕು ತಿರುಗಿ ಕುಳಿತಾಗ ಅದು ಏರಿಳಿದರೆ, ಅದು ತಂತಿಗಳ ಕಂಪನ ಹಿಡಿಯಲು ಗಿಟಾರಿನಲ್ಲಿರುವ ಸಿಂಗಲ್ ಕಾಯಿಲ್ ಪಿಕಪ್‌ನ ಸದ್ದು. ಯಾವ ಪವರ್ ಸಪ್ಲೈಯೂ ಅದನ್ನು ನಿಲ್ಲಿಸದು. ಅಲ್ಲಿ ನಿಶ್ಶಬ್ದವಾಗಿದ್ದರೆ ಬೋರ್ಡನ್ನು ಜೋಡಿಸಿ, ಡಿಡಿ-8 ಮತ್ತು ಹಾಲ್ ಆಫ್ ಫೇಮ್ ಎರಡನ್ನು ಡೈಸಿ ಚೈನಿನಿಂದ ಬಿಡಿಸಿ, ಒಂದೊಂದಕ್ಕೂ ಬೇರೆ ಬೇರೆ ಅಡಾಪ್ಟರ್ ಕೊಡಿ. ಗೆಳೆಯರಿಂದ ಒಂದು ಗಂಟೆಯ ಮಟ್ಟಿಗೆ ಎರವಲು ತಂದರೂ ಸಾಕು. ಜೀರುಂಡೆ ಮಾಯವಾದರೆ ನಿಮಗೆ ಬೇಕಿರುವುದು ಬೇರ್ಪಟ್ಟ ಔಟ್‌ಪುಟ್‌ಗಳೇ ಹೊರತು ದೊಡ್ಡ ಔಟ್‌ಪುಟ್ ಅಲ್ಲ.

ಬೇರ್ಪಟ್ಟದ್ದು, ಅಂದರೆ ಐಸೊಲೇಟೆಡ್, ಎಂಬ ಮಾತಿನ ಅರ್ಥ ಇಷ್ಟೇ: ಒಂದು ಔಟ್‌ಪುಟ್‌ನ ನೆಗೆಟಿವ್‌ಗೂ ಇನ್ನೊಂದರ ನೆಗೆಟಿವ್‌ಗೂ ಪೆಟ್ಟಿಗೆಯ ಒಳಗೆ ಸಂಪರ್ಕ ಇರಬಾರದು. ಅದಕ್ಕಾಗಿ ಪ್ರತಿ ಔಟ್‌ಪುಟ್‌ಗೂ ಟ್ರಾನ್ಸ್‌ಫಾರ್ಮರಿನಲ್ಲಿ ಪ್ರತ್ಯೇಕ ಸುತ್ತು ಇರಬೇಕು, ಇಲ್ಲವೇ ಪ್ರತ್ಯೇಕ ಕನ್ವರ್ಟರ್ ಇರಬೇಕು. ಎರಡಕ್ಕೂ ದುಡ್ಡು ಬೀಳುತ್ತದೆ. ಹೀಗಾಗಿ ಹತ್ತು ಔಟ್‌ಪುಟ್‌ಗಳ ಪೆಟ್ಟಿಗೆ ಆಶ್ಚರ್ಯವಾಗುವಷ್ಟು ಅಗ್ಗಕ್ಕೆ ಸಿಕ್ಕಿತೆಂದರೆ, ಹೊರಗೆ ಏನೇ ಬರೆದಿರಲಿ, ನಾನು ಮಲ್ಟಿಮೀಟರ್ ತೆಗೆದುಕೊಳ್ಳುತ್ತೇನೆ. ಸಪ್ಲೈಯನ್ನು ಗೋಡೆಯ ಪ್ಲಗ್‌ನಿಂದ ತೆಗೆದು, ಯಾವ ಪೆಡಲ್ ಕೂಡ ಜೋಡಿಸದೆ, ಮೀಟರನ್ನು ಬೀಪ್ ಎನ್ನುವ ಕಂಟಿನ್ಯುಯಿಟಿಗೆ ಇಟ್ಟು, ಒಂದು ಔಟ್‌ಪುಟ್ ಜ್ಯಾಕಿನ ಒಳಪಿನ್ನಿಗೂ ಇನ್ನೊಂದರ ಒಳಪಿನ್ನಿಗೂ ಮುಟ್ಟಿಸಿ ನೋಡಿ. ಬೀಪ್ ಬಂದರೆ ಅದು ಪೆಟ್ಟಿಗೆಯೊಳಗೆ ಮಡಚಿಟ್ಟ ಡೈಸಿ ಚೈನ್ ಅಷ್ಟೇ. ಹೊರಬಳೆಗಳನ್ನು ಮುಟ್ಟಿಸಿ ನೋಡಿ ಸಮಾಧಾನಪಟ್ಟುಕೊಳ್ಳುವುದು ಸಾಲದು. ಪೆಡಲ್‌ಗಳ ಲೋಕದಲ್ಲಿ ನೆಗೆಟಿವ್ ಒಳಗಿರುತ್ತದೆ, ಪ್ರತಿ ಔಟ್‌ಪುಟ್‌ಗೂ ಬೇರೆ ರೆಗ್ಯುಲೇಟರ್ ಹಾಕಿ ನೆಗೆಟಿವ್ ಮಾತ್ರ ಒಂದೇ ಮಾಡಿರುವ ಪೆಟ್ಟಿಗೆ ಆ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ‘ಪ್ರತಿ ಔಟ್‌ಪುಟ್‌ಗೂ ಶಾರ್ಟ್ ಸರ್ಕ್ಯೂಟ್ ರಕ್ಷಣೆ’ ಎಂದು ಬರೆದಿರುವುದನ್ನು ಐಸೊಲೇಟೆಡ್ ಎಂದು ಓದಿಕೊಳ್ಳಬೇಡಿ; ಅವೆರಡೂ ಬೇರೆ ಮಾತುಗಳು.

ಹಾಗೆಂದು ಆರು ಪೆಡಲ್‌ಗೆ ಆರು ಔಟ್‌ಪುಟ್ ಬೇಕೇ ಬೇಕು ಎಂದು ನಾನು ಹೇಳುವುದಿಲ್ಲ. ಈ ವಿಷಯದಲ್ಲಿ ನಮ್ಮ ಈ ಗುಂಪಿನ ಹಲವರಿಗೂ ನನಗೂ ಭಿನ್ನಾಭಿಪ್ರಾಯವಿದೆ. ವಾ, ಟಿಎಸ್9, ಡಿಎಸ್-1 ಮೂರೂ ಕ್ಲಾಕ್ ಇಲ್ಲದ ಸರಳ ಅನಲಾಗ್ ಪೆಡಲ್‌ಗಳು. ಮೂರೂ ಸೇರಿ 20 ಮಿಲಿಆಂಪಿಯರ್ ಕೂಡ ಎಳೆಯುವುದಿಲ್ಲ. ಅವನ್ನು ಒಂದೇ ಔಟ್‌ಪುಟ್‌ಗೆ, ಈಗ ನಿಮ್ಮಲ್ಲಿರುವ ಡೈಸಿ ಚೈನಿನಿಂದಲೇ, ನಿಶ್ಚಿಂತೆಯಿಂದ ಜೋಡಿಸಬಹುದು. ಕಾರ್ಬನ್ ಕಾಪಿಗೆ ಒಂದು, ಡಿಡಿ-8ಕ್ಕೆ ಒಂದು, ಹಾಲ್ ಆಫ್ ಫೇಮ್‌ಗೆ ಒಂದು. ಅಲ್ಲಿಗೆ ನಾಲ್ಕೇ ಔಟ್‌ಪುಟ್ ಸಾಕು. ಆದರೆ ಒಂದೊಂದು ಔಟ್‌ಪುಟ್ ಎಷ್ಟು ಮಿಲಿಆಂಪಿಯರ್ ಕೊಡುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ನೋಡಬೇಕು. 100 ಮಿಲಿಆಂಪಿಯರ್‌ನ ಔಟ್‌ಪುಟ್‌ಗೆ 100 ಎಳೆಯುವ ರಿವರ್ಬ್ ಹಾಕುವುದು ತುಂಬಿದ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತಂತೆ. ಹೋಗುತ್ತದೆ, ಆದರೆ ನೆಮ್ಮದಿ ಇರುವುದಿಲ್ಲ. ನಾಳೆ ಸ್ಟ್ರೈಮನ್ ಬಿಗ್‌ಸ್ಕೈಯಂಥ ದೊಡ್ಡ ರಿವರ್ಬ್ ತಂದರೆ ಅದೊಂದಕ್ಕೇ 300 ಮಿಲಿಆಂಪಿಯರ್ ಬೇಕು. ಒಂದೇ ಪೆಟ್ಟಿಗೆಯಲ್ಲಿ ಹಲವು ಪೆಡಲ್‌ಗಳ ಕೆಲಸ ಮಾಡುವ ಲೈನ್ 6ರ ಎಚ್‌ಎಕ್ಸ್ ಸ್ಟಾಂಪ್ ಜೊತೆಗೆ ತಯಾರಕರು ಕೊಡುವ ಅಡಾಪ್ಟರ್ 3 ಆಂಪಿಯರ್‌ನದು; ಅಂಥದ್ದನ್ನು ಅದರ ಸ್ವಂತ ಅಡಾಪ್ಟರಿಗೇ ಬಿಡುವುದು ಜಾಣತನ.

ಪವರ್ ಸಪ್ಲೈಗಳನ್ನು ಹೆಸರು ಹಿಡಿದು ಹೇಳುವುದಾದರೆ, ವೂಡೂ ಲ್ಯಾಬ್‌ನ ಪೆಡಲ್ ಪವರ್ 2 ಪ್ಲಸ್ ಹಳೆಯ, ಗಟ್ಟಿಮುಟ್ಟಾದ ಮಾದರಿ. ಎಂಟು ಔಟ್‌ಪುಟ್‌ಗಳಲ್ಲಿ ಆರು 100 ಮಿಲಿಆಂಪಿಯರ್‌ನವು, ಎರಡು 250ರವು. ನಿಮ್ಮ ಈಗಿನ ಬೋರ್ಡಿಗೆ ಅದು ಹೊಂದುತ್ತದೆ. ಸ್ಟ್ರೈಮನ್ ಝೂಮಾದ ಒಂಬತ್ತು ಔಟ್‌ಪುಟ್‌ಗಳೂ 500 ಮಿಲಿಆಂಪಿಯರ್ ಕೊಡುತ್ತವೆ. ಡೆನ್ಮಾರ್ಕಿನ ಸಿಯೋಕ್ಸ್ ಡಿಸಿ7ರಲ್ಲಿ ಏಳು ಔಟ್‌ಪುಟ್‌ಗಳಿದ್ದು, ಪ್ರತಿಯೊಂದನ್ನೂ 9, 12, 15 ಅಥವಾ 18 ವೋಲ್ಟಿಗೆ ಹೊಂದಿಸಿಕೊಳ್ಳಬಹುದು. ಎಂಎಕ್ಸ್‌ಆರ್‌ನ ಐಸೊ-ಬ್ರಿಕ್ ಐಸೊಲೇಟೆಡ್. ಅದನ್ನೇ ಹೋಲುವ ಡಿಸಿ ಬ್ರಿಕ್ ಅಲ್ಲ. ಎರಡರ ಹೆಸರೂ ರೂಪವೂ ಹತ್ತಿರವಿರುವುದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಗಮನವಿರಲಿ.

ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಊರಿಗೆ ಬರುವಾಗ ತರಿಸಿಕೊಳ್ಳುವ ಯೋಚನೆ ಇದ್ದರೆ, ಪೆಟ್ಟಿಗೆಯ ಅಡಿಯ ಬರಹವನ್ನು ಫೋಟೊ ತೆಗೆದು ಕಳಿಸಲು ಮೊದಲೇ ಹೇಳಿ. 100ರಿಂದ 240 ವೋಲ್ಟ್ ಎಂದಿದ್ದರೆ ಪಿನ್ ಬದಲಾಯಿಸಿಕೊಂಡರೆ ಸಾಕು. 120 ವೋಲ್ಟ್ ಎಂದು ಮಾತ್ರ ಇದ್ದರೆ, ಪೆಡಲ್ ಪವರ್ 2 ಪ್ಲಸ್‌ನಂಥ ಟೊರಾಯ್ಡ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆಗಳ ಅಮೆರಿಕದ ಆವೃತ್ತಿಯಲ್ಲಿ ಹಾಗೆಯೇ ಇರುತ್ತದೆ, ನಮ್ಮ 230 ವೋಲ್ಟಿಗೆ ಹಾಕಿದ ಮೊದಲ ದಿನವೇ ಅದರ ಕಥೆ ಮುಗಿಯುತ್ತದೆ. ಇಂಥ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ಬೋರ್ಡಿನ ಅಡಿಯಲ್ಲಿ ಕೂರಿಸುವಾಗ ವಾ ಪೆಡಲಿನಿಂದ ದೂರವಿಡಿ. ವಾ ಒಳಗಿನ ಇಂಡಕ್ಟರ್ ಅದರ ಕಾಂತಕ್ಷೇತ್ರವನ್ನು ಹಿಡಿದು ಹಮ್ ಮಾಡುತ್ತದೆ.

ಇನ್ನು ವೋಲ್ಟೇಜ್ ಮತ್ತು ಧ್ರುವ. ಆಂಪಿಯರ್ ಹೆಚ್ಚಿದ್ದರೆ ತೊಂದರೆ ಇಲ್ಲ ಎಂದೆನಲ್ಲ, ಆ ಉದಾರತೆ ಇಲ್ಲಿ ಇಲ್ಲ. ನಿಮ್ಮ ಆರೂ ಪೆಡಲ್‌ಗಳಿಗೆ ಬೇಕಿರುವುದು 9 ವೋಲ್ಟ್ ಡಿಸಿ, ಒಳಗೆ ನೆಗೆಟಿವ್. ನಮ್ಮ ಮನೆಗಳಲ್ಲಿ ಬಿದ್ದಿರುವ ವೈಫೈ ರೌಟರಿನ ಅಡಾಪ್ಟರ್ ಇದೇ ಅಳತೆಯ ಪಿನ್ ಹೊಂದಿದ್ದರೂ ಸಾಮಾನ್ಯವಾಗಿ ಒಳಗೆ ಪಾಸಿಟಿವ್ ಇರುತ್ತದೆ, ಬಹಳ ಸಲ 12 ವೋಲ್ಟ್ ಕೂಡ. ನಾನು ಹೀಗೆಯೇ ಒಂದು ಕೋರಸ್ ಪೆಡಲನ್ನು ಕಾರ್ಯಕ್ರಮದ ಹಿಂದಿನ ರಾತ್ರಿ ಸುಟ್ಟುಕೊಂಡೆ. ಬಿಚ್ಚಿ ನೋಡಿದಾಗ ರಕ್ಷಣೆಗೆಂದು ಅಡ್ಡಲಾಗಿ ಹಾಕಿದ್ದ ಡಯೋಡ್ ಪ್ರಾಣ ಕೊಟ್ಟು ಉಳಿದದ್ದನ್ನು ಕಾಪಾಡಿತ್ತು. ಒಂದೆರಡು ರೂಪಾಯಿಯ 1ಎನ್4001 ಬದಲಾಯಿಸಿದ ಮೇಲೆ ಪೆಡಲ್ ಬದುಕಿತು. ಎಲ್ಲ ಪೆಡಲ್‌ಗಳಿಗೂ ಆ ಅದೃಷ್ಟ ಇರುವುದಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ, ವೋಲ್ಟೇಜನ್ನು ಸ್ವಿಚ್ಚಿನಿಂದ ಆಯ್ದುಕೊಳ್ಳುವ ಅಡಾಪ್ಟರುಗಳನ್ನೂ ಮೀಟರ್ ಇಟ್ಟು ನೋಡದೆ ಜೋಡಿಸಬೇಡಿ. ರೆಗ್ಯುಲೇಟರ್ ಇಲ್ಲದವು 9 ಎಂದು ಬರೆದುಕೊಂಡು, ಹೊರೆ ಕಡಿಮೆ ಇರುವಾಗ 12ಕ್ಕಿಂತ ಹೆಚ್ಚು ಕೊಡುವುದುಂಟು.

ಕೆಲವು ಓವರ್‌ಡ್ರೈವ್‌ಗಳಿಗೆ 18 ವೋಲ್ಟ್ ಕೊಟ್ಟರೆ ಧ್ವನಿ ಬಿಚ್ಚಿಕೊಳ್ಳುತ್ತದೆ ಎಂಬುದು ನಿಜ, ಆದರೆ ತಯಾರಕರು ಅನುಮತಿಸಿದ್ದರೆ ಮಾತ್ರ. ಒಳಗೆ ಮ್ಯಾಕ್ಸ್1044ನಂಥ ಚಾರ್ಜ್ ಪಂಪ್ ಚಿಪ್ ಇರುವ ಪೆಡಲ್‌ಗಳು, ಕ್ಲಾನ್ ಎಂಬ ಹೆಸರಾಂತ ಓವರ್‌ಡ್ರೈವಿನ ಅನೇಕ ನಕಲುಗಳೂ ಸೇರಿ, 9 ವೋಲ್ಟನ್ನು ತಾವೇ ಏರಿಸಿಕೊಳ್ಳುತ್ತವೆ. ಆ ಚಿಪ್ ತಾಳುವುದು 10 ವೋಲ್ಟಿನವರೆಗೆ ಅಷ್ಟೇ. ಡಿಜಿಟೆಕ್‌ನ ಹಳೆಯ ಪೆಡಲ್ ವ್ಯಾಮಿ 4 ಮತ್ತು ಲೈನ್ 6ರ ಮೊದಲಿನ ಹಸಿರು ಡಿಲೇ ಡಿಎಲ್4 ಕೇಳುವುದು 9 ವೋಲ್ಟ್ ಎಸಿ, ಅವಕ್ಕೆ ಅವುಗಳದ್ದೇ ಅಡಾಪ್ಟರ್ ಬೇಕು. ಜರ್ಮೇನಿಯಂ ಫಝ್ ಕೊಳ್ಳುವ ಆಸೆಯನ್ನೂ ನೀವು ಬರೆದಿದ್ದೀರಿ. ಪಿಎನ್‌ಪಿ ಟ್ರಾನ್ಸಿಸ್ಟರಿನ ಅಂಥ ಪೆಡಲ್‌ಗಳಲ್ಲಿ ಬಹಳಷ್ಟು ಪಾಸಿಟಿವ್ ಗ್ರೌಂಡಿನವು, ಅಂದರೆ ಅವುಗಳ ಆಡಿಯೊ ಕೇಬಲಿನ ಹೊರಕವಚ ನೆಗೆಟಿವ್ ಬದಲು ಪಾಸಿಟಿವ್‌ಗೆ ಸೇರಿರುತ್ತದೆ; ಡೈಸಿ ಚೈನಿಗೆ ಸೇರಿಸಿದರೆ ಆಡಿಯೊ ಕೇಬಲಿನ ಮೂಲಕ ಪಾಸಿಟಿವ್, ನೆಗೆಟಿವ್ ಮುಟ್ಟಿಕೊಂಡು ಇಡೀ ಬೋರ್ಡ್ ಆರಿಹೋಗುತ್ತದೆ. ಅದಕ್ಕೆ ಅಗ್ಗದ ಕಾರ್ಬನ್-ಜಿಂಕ್ 9 ವೋಲ್ಟ್ ಬ್ಯಾಟರಿಯೇ ಸಾಕು. ಒಂದು ಮಿಲಿಆಂಪಿಯರ್‌ನ ಸುತ್ತ ಎಳೆಯುವ ಪೆಡಲಿಗೆ ಅದು ತಿಂಗಳುಗಟ್ಟಲೆ ಬರುತ್ತದೆ, ನುಡಿಸಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡುವ ನೆನಪಿದ್ದರೆ.

ಗಣೇಶನ ಪೆಂಡಾಲಿನಲ್ಲಿ ಜನರೇಟರ್ ಮೇಲೆ ನುಡಿಸುವಾಗ ಹಮ್ ಹೆಚ್ಚುತ್ತದೆ ಎಂದು ನೀವು ಬರೆದದ್ದು ಬೇರೆ ವಿಷಯ, ಅದನ್ನು ಸಪ್ಲೈ ಮೇಲೆ ಹೊರಿಸಬೇಡಿ. ಆಂಪ್ ಮತ್ತು ಪೆಡಲ್‌ಬೋರ್ಡ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ತೆಗೆದುಕೊಳ್ಳಿ, ಆಗ ಎರಡರ ಅರ್ತ್ ಒಂದೇ ಆಗುತ್ತದೆ. ಹಮ್ ನಿಲ್ಲಲಿ ಎಂದು ಆಂಪಿನ ಮೂರನೆಯ ಪಿನ್ ಮುರಿಯುವ ಅಥವಾ ಟೇಪ್ ಸುತ್ತುವ ಅಭ್ಯಾಸವನ್ನು ಆರ್ಕೆಸ್ಟ್ರಾಗಳಲ್ಲಿ ಕಂಡಿದ್ದೇನೆ. ಆಂಪಿನೊಳಗೆ ಏನಾದರೂ ಕೆಟ್ಟರೆ ಆ ಕರೆಂಟ್ ಗಿಟಾರಿನ ತಂತಿಯಿಂದ ನಿಮ್ಮ ಕೈಗೆ, ಅಲ್ಲಿಂದ ಮೈಕ್ ಮುಟ್ಟಿದ ತುಟಿಗೆ ಹರಿಯುತ್ತದೆ. ಇದರಿಂದ ಜೀವ ಹೋಗಬಹುದು. ವೇದಿಕೆಯ ಪ್ಲಗ್‌ನಲ್ಲಿ ಅರ್ತ್ ಇದೆಯೇ ಎಂಬುದನ್ನು ಸಾಕೆಟ್ ಟೆಸ್ಟರ್ ಹಾಕಿ ನೋಡಿ, ಇಲ್ಲದಿದ್ದರೆ ಶಾಮಿಯಾನದವರಿಂದ ಸರಿಮಾಡಿಸಿ.

ಕರೆಂಟ್ ಹೋದಾಗಲೂ ಅಭ್ಯಾಸ ನಡೆಯಬೇಕೆಂದರೆ ಪವರ್ ಬ್ಯಾಂಕ್ ಜೊತೆ 5 ವೋಲ್ಟನ್ನು 9ಕ್ಕೆ ಏರಿಸುವ ಕೇಬಲ್ ಹಾಕಬಹುದು. 10,000 ಮಿಲಿಆಂಪಿಯರ್-ಅವರ್ ಎಂಬುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಅಂದರೆ 37 ವ್ಯಾಟ್-ಅವರ್. ಏರಿಸುವಾಗ ಐದನೆಯ ಒಂದು ಭಾಗ ಸೋರಿತೆಂದರೂ, 2 ವ್ಯಾಟಿನ ಸುತ್ತ ಎಳೆಯುವ ನಿಮ್ಮ ಬೋರ್ಡ್ ಹನ್ನೆರಡು ಗಂಟೆಗೂ ಮೀರಿ ನಡೆಯುತ್ತದೆ. ಆದರೆ ವಾ, ಟಿಎಸ್9 ಎರಡನ್ನೇ ಹಾಕಿದರೆ, ಎಳೆತ ತೀರಾ ಕಡಿಮೆಯೆಂದು ಕೆಲವು ಪವರ್ ಬ್ಯಾಂಕ್‌ಗಳು ತಾವಾಗಿಯೇ ಆರಿಬಿಡುತ್ತವೆ.

ನಿಮ್ಮ ಜಾಗದಲ್ಲಿ ನಾನಿದ್ದರೆ, ನಾಲ್ಕರ ಬದಲು ಆರು ಐಸೊಲೇಟೆಡ್ ಔಟ್‌ಪುಟ್ ಇರುವ, ಅವುಗಳಲ್ಲಿ ಎರಡಾದರೂ 300 ಮಿಲಿಆಂಪಿಯರ್ ಮೀರಿದ ಪೆಟ್ಟಿಗೆ ಹುಡುಕುತ್ತಿದ್ದೆ. ಅದಕ್ಕೆ ಈಗ ಹಣ ಸಾಲದಿದ್ದರೆ, ಈಗಿನ ಅಡಾಪ್ಟರನ್ನು ಮೊದಲ ಮೂರು ಪೆಡಲ್‌ಗಳಿಗೆ ಉಳಿಸಿಕೊಂಡು, ಕಾರ್ಬನ್ ಕಾಪಿ, ಡಿಡಿ-8 ಮತ್ತು ಹಾಲ್ ಆಫ್ ಫೇಮ್‌ಗೆ ಒಂದೊಂದು ಒಳ್ಳೆಯ 9 ವೋಲ್ಟ್ ಅಡಾಪ್ಟರ್ ತಂದುಬಿಡಿ. ಪ್ಲಗ್‌ಗಳ ಗೊಂಚಲು ನೋಡಲು ಚೆಂದವಿರುವುದಿಲ್ಲ, ಸದ್ದು ಮಾತ್ರ ಅಷ್ಟೇ ಶುದ್ಧವಾಗುತ್ತದೆ. ಎರವಲು ಅಡಾಪ್ಟರಿನ ಪರೀಕ್ಷೆ ಮಾಡಿದ ಮೇಲೆ ಫಲಿತಾಂಶವನ್ನು ಇಲ್ಲಿಯೇ ಬರೆಯಿರಿ. ಆಗಲೂ ಸೀಟಿ ನಿಲ್ಲದಿದ್ದರೆ ಪೆಡಲ್‌ಗಳ ನಡುವಿನ ಪ್ಯಾಚ್ ಕೇಬಲ್‌ಗಳನ್ನು ಒಂದೊಂದಾಗಿ ಬದಲಾಯಿಸಿ ನೋಡೋಣ.