ಕೊಡಗಿನ ಒಳರಸ್ತೆಗಳಲ್ಲಿ ಎರಡು ದಿನಗಳ ಬೈಕ್ ಪ್ರಯಾಣವನ್ನು ಯೋಜಿಸುವುದು ಹೇಗೆ?

ಮೈಸೂರಿನಿಂದ ಹೊರಟು, ಹೆದ್ದಾರಿಯನ್ನು ಆದಷ್ಟು ತಪ್ಪಿಸಿ ಕೊಡಗನ್ನು ನೋಡುವ ದಾರಿಯನ್ನು ತಾವು ಕೇಳಿದ್ದೀರಿ. ಇಲ್ಲಿ ಕಿಲೋಮೀಟರುಗಳಿಗಿಂತ ಗಂಟೆಗಳನ್ನು ಲೆಕ್ಕ ಹಾಕುವುದು ಒಳ್ಳೆಯದು. ಕಾಫಿ ತೋಟಗಳ ನಡುವಿನ ಕಿರಿದಾದ ತಿರುವುಗಳಲ್ಲಿ ಗಂಟೆಗೆ 30 ಕಿ.ಮೀ. ಸಾಗಿದರೆ ಅದೇ ಹೆಚ್ಚು.

ಕುಶಾಲನಗರ ದಾಟಿದ ಮೇಲೆ ಎಲ್ಲರಂತೆ ನೇರವಾಗಿ ಮಡಿಕೇರಿಗೆ ಏರದೆ, ಗುಡ್ಡೆಹೊಸೂರಿನಲ್ಲಿ ಎಡಕ್ಕೆ ಹೊರಳಿ ನಂಜರಾಯಪಟ್ಟಣ, ಸಿದ್ದಾಪುರ, ಅಮ್ಮತ್ತಿಗಳ ಮೂಲಕ ವಿರಾಜಪೇಟೆಯನ್ನು ಸೇರಿ, ಅಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಕಕ್ಕಬ್ಬೆ, ನಾಪೋಕ್ಲು ಮಾರ್ಗವಾಗಿ ಭಾಗಮಂಡಲಕ್ಕೆ ಹೋಗಬಹುದು. ನನ್ನ ಮಟ್ಟಿಗೆ ಇಡೀ ಪ್ರಯಾಣದ ಸೊಗಸು ಇರುವುದು ಕಕ್ಕಬ್ಬೆಯ ಸುತ್ತಲಿನ ಈ ಭಾಗದಲ್ಲೇ: ಒಂದೆಡೆ ಗದ್ದೆ ಬಯಲು, ಇನ್ನೊಂದೆಡೆ 1748 ಮೀಟರ್ ಎತ್ತರದ, ಜಿಲ್ಲೆಯ ಅತ್ಯುನ್ನತ ಶಿಖರವಾದ ತಡಿಯಂಡಮೋಳ್. ಆದ್ದರಿಂದ ರಾತ್ರಿಯ ತಂಗುವಿಕೆಯನ್ನು ಇಲ್ಲಿಯೇ ಇಟ್ಟುಕೊಳ್ಳಿ. ಮರುದಿನ ತಲಕಾವೇರಿಯನ್ನು ನೋಡಿ, ಮಡಿಕೇರಿ, ಮಾದಾಪುರ, ಸೋಮವಾರಪೇಟೆಗಳ ಮೂಲಕ ಕುಶಾಲನಗರಕ್ಕೆ ಮರಳಬಹುದು.

ಸಿದ್ದಾಪುರದ ಆಸುಪಾಸಿನ ತೋಟಗಳಲ್ಲಿ ಕಾಡಾನೆಗಳ ಓಡಾಟವಿರುವುದರಿಂದ ಆ ರಸ್ತೆಯನ್ನು ಹಗಲಿನಲ್ಲೇ ಮುಗಿಸಬೇಕು. ಮೊಬೈಲಿನ ನಕ್ಷೆ ತೋರಿಸುವ ಅಡ್ಡದಾರಿಗಳು ಹಲವು ಸಲ ಯಾರದೋ ತೋಟದ ಗೇಟಿನ ಮುಂದೆ ಮುಗಿಯುತ್ತವೆ. ಅಂಗಡಿಯವರನ್ನು ಕೇಳುವುದೇ ಲೇಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಜನೆ ಬೇಡ: 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡಗಳೇ ಕುಸಿದಿದ್ದವು. ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗಿನ ಅವಧಿ ಸೂಕ್ತ.