ಸ್ಟುಟ್‌ಗಾರ್ಟ್ ಕಡೆ ಚರ್ಚಲ್ಲಿ ಯಾರೂ ಮಾತಾಡ್ಸೋದಿಲ್ಲ ಅಂತ ಬರೆದವರಿಗೆ

ಹುಬ್ಬಳ್ಳಿಯಿಂದ ಕೆಲಸಕ್ಕೆ ಅಂತ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ರ ಬಂದು ಸ್ವಲ್ಪ ತಿಂಗಳಾಯ್ತು, ಮನೆ ಪಕ್ಕದ ಎವಾಂಗೆಲಿಶ್ (ಪ್ರೊಟೆಸ್ಟೆಂಟ್) ಚರ್ಚಿಗೆ ಗಂಡ ಹೆಂಡತಿ ಹೋಗ್ತಾ ಇದ್ದೀವಿ, ಇರೋದೇ ಒಂದಿಷ್ಟು ವಯಸ್ಸಾದವರು, ಯಾರೂ ಮಾತಾಡ್ಸೋದಿಲ್ಲ, ಇದಕ್ಕಿಂತ ನಮ್ಮೂರ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆರಾಧನೆಯನ್ನೇ ಮೊಬೈಲಲ್ಲಿ ನೋಡ್ಕೊಂಡು ಮನೇಲಿರೋಣವಾ ಅಂತ ಕೇಳಿದ್ರಲ್ಲ, ಜೊತೆಗೆ ಚರ್ಚ್ ಟ್ಯಾಕ್ಸ್ ಬಗ್ಗೆನೂ. ದಯವಿಟ್ಟು ಬಿಡ್ಬೇಡಿ. ನಾನು ಉಡುಪಿ ಕಡೆಯವನು, ಇಲ್ಲೇ ಸಂಸಾರ ಹೂಡಿ ಮಕ್ಕಳಿಗೆ ಚರ್ಚಲ್ಲಿ ದೃಢೀಕರಣನೂ (ಕನ್ಫರ್ಮೇಶನ್) ಆಯ್ತು, ನೀವು ಈಗ ಅನುಭವಿಸ್ತಾ ಇರೋದು ನಂಗೆ ಚೆನ್ನಾಗಿ ಗೊತ್ತುಂಟು.

ಈ ಶ್ವಾಬಿಯನ್ ಜನ, ಅಂದ್ರೆ ಸ್ಟುಟ್‌ಗಾರ್ಟ್ ಸುತ್ತಲಿನವರು, ಹೊಸಬರನ್ನು ತಾವಾಗಿ ಮಾತಾಡ್ಸೋದು ಕಮ್ಮಿ. ನಮ್ಮಲ್ಲಿ ಹೊಸ ಮುಖ ಕಂಡ್ರೆ ಸಾಕು, ಯಾವ ಊರು ಯಾರ ಮನೆ ಅಂತ ಶುರು ಮಾಡ್ತೇವೆ, ಇಲ್ಲಿ ಅದನ್ನು ಕೇಳಿದ್ರೆ ಅವರಿಗೆ ಕಿರಿಕಿರಿ ಆದೀತು ಅಂತ ಹೆದರಿ ಸುಮ್ಮನಿರ್ತಾರೆ. ಆದ್ರೆ ನೋಡ್ತಾ ಇರ್ತಾರೆ, ಒಂದು ವಾರ ನೀವು ಹೋಗ್ಲಿಲ್ಲ ಅಂದ್ರೆ ಅವರಿಗೆ ಗೊತ್ತಾಗ್ತದೆ. ನನ್ನ ಹೆಂಡತಿ ಪಕ್ಕ ಕೂತ್ಕೊಳ್ತಿದ್ದ ಒಬ್ಬರು ಅಜ್ಜಿ ಒಂದು ಮಾತೂ ಆಡ್ತಿರ್ಲಿಲ್ಲ, ಆದ್ರೆ ಗೋಡೆ ಮೇಲಿನ ಹಲಗೆಯಲ್ಲಿ ಹಾಡಿನ ನಂಬರ್ ನೋಡಿ, ತಮ್ಮ ಪುಸ್ತಕದಲ್ಲಿ ಆ ಪುಟ ತೆಗ್ದು ಇವಳ ಕೈಗಿಟ್ಟು, ಎಷ್ಟನೇ ಚರಣ ಹಾಡ್ತಿದ್ದಾರೆ ಅಂತ ಬೆರಳಲ್ಲಿ ತೋರಿಸ್ತಾ ಹೋಗ್ತಿದ್ರು, ಪ್ರತಿ ವಾರ. ಅವರ ಸ್ವಾಗತ ಅಂದ್ರೆ ಅದೇ.

ನಾನು ಎಲ್ಲರಿಗೂ ಹೇಳೋದು ಒಂದೇ, ಕೆಲಸ ಕೇಳಿ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಕೈ ಕುಲುಕ್ತಾರಲ್ಲ ಸಭಾಪಾಲಕರು (ತುಂಬಾ ಕಡೆ ಮಹಿಳೆಯರೇ ಇದ್ದಾರೆ), ಅವರ ಹತ್ರ ಜರ್ಮನ್ ತಪ್ಪಾದ್ರೂ ಪರವಾಗಿಲ್ಲ, ನಾವು ಏನಾದ್ರೂ ಸಹಾಯ ಮಾಡ್ಬಹುದಾ ಅಂತ ಕೇಳಿ. ಕಿರ್ಶನ್‌ಕಾಫೀ (ಆರಾಧನೆ ನಂತರ ಎಲ್ಲರೂ ಸೇರಿ ಕುಡಿಯೋ ಕಾಫಿ) ಇದ್ದ ದಿನ ಕಾಫಿ ಕುಡ್ದು ಹೊರಡ್ಬೇಡಿ, ಗೆಮೈಂಡೆಹೌಸ್‌ನ (ಸಭೆಯ ಸಮುದಾಯ ಭವನದ) ಅಡುಗೆಮನೆಗೆ ಹೋಗಿ ಟವೆಲ್ ತಗೊಂಡು ಕಪ್ ಒರೆಸೋಕೆ ನಿಂತ್ಕೊಳ್ಳಿ. ಹಾಲಲ್ಲಿ ನಾಲ್ಕು ಮಾತು ಆಡದ ಜನ ಸಿಂಕ್ ಹತ್ರ ಮಗನ ಡಿವೋರ್ಸ್, ಮಂಡಿ ಆಪರೇಷನ್, ಯುದ್ಧ ಮುಗಿದ ಕಾಲದಲ್ಲಿ ತಾಯಿ ಪಟ್ಟ ಕಷ್ಟ ಎಲ್ಲ ಹೇಳ್ತಾರೆ. ಜನ ಕಮ್ಮಿ ಅಂತ ಬೇಜಾರು ಮಾಡ್ಕೊಂಡಿದ್ದೀರಿ, ಆದ್ರೆ ಅಷ್ಟು ಕಮ್ಮಿ ಜನ ಇರೋ ಕಡೆ ನಿಮ್ಮಿಬ್ಬರ ಕೈ ನಿಜವಾಗ್ಲೂ ಬೇಕು, ಮಾರ್ಚ್ ಮೊದಲ ಶುಕ್ರವಾರ ಬರೋ ಹೆಂಗಸರ ಪ್ರಾರ್ಥನಾ ದಿನಕ್ಕೆ ಅಡುಗೆ ಮಾಡೋಕೆ, ಕ್ರಿಸ್ಮಸ್ ಮರ ಎತ್ತಿ ನಿಲ್ಲಿಸೋಕೆ, ಎಲ್ಲದಕ್ಕೂ ಜನ ಹುಡುಕ್ತಾ ಇರ್ತಾರೆ.

ಇನ್ನೊಂದು, ನೀವು ಅಲ್ಲಿ ತೀರಾ ಪರಕೀಯರೂ ಅಲ್ಲ. 1815ರಲ್ಲಿ ಶುರುವಾದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದ್ದಾದ್ರೂ ಅದರಿಂದ ನಮ್ಮ ಕಡೆ ಬಂದವರಲ್ಲಿ ತುಂಬಾ ಜನ ಈ ಸ್ಟುಟ್‌ಗಾರ್ಟ್ ಸುತ್ತಲಿನ ವ್ಯುರ್ಟೆಂಬರ್ಗ್‌ನ ಹಳ್ಳಿಗಳವರು. 1834ರಲ್ಲಿ ಮಂಗಳೂರು, 1839ರಲ್ಲಿ ನಿಮ್ಮ ಹುಬ್ಬಳ್ಳಿ. ಮಂಗಳೂರ ಸಮಾಚಾರ ಪತ್ರಿಕೆ ಹೊರತಂದ ಮೊಗ್ಲಿಂಗ್ ಹುಟ್ಟಿದ್ದು ಹೈಲ್‌ಬ್ರೋನ್ ಹತ್ತಿರದ ಬ್ರಾಕೆನ್‌ಹೈಮ್‌ನಲ್ಲಿ, ತೀರಿಕೊಂಡಿದ್ದು ಎಸ್ಲಿಂಗೆನ್‌ನಲ್ಲಿ, ನಿಘಂಟಿನ ಕಿಟ್ಟೆಲ್ ಕೊನೆಗಾಲ ಕಳೆದಿದ್ದು ಟ್ಯೂಬಿಂಗೆನ್‌ನಲ್ಲಿ. ನೀವು ಚಿಕ್ಕಂದಿನಿಂದ ಕನ್ನಡದಲ್ಲಿ ಹಾಡಿದ ಎಷ್ಟೋ ಹಾಡುಗಳ ರಾಗ ಇಲ್ಲಿನ ಆರ್ಗನ್‌ನಲ್ಲಿ ಕೇಳ್ತದೆ, ಆಗ ಮೆಲ್ಲಗೆ ಕನ್ನಡದಲ್ಲೇ ಹಾಡಿ, ಯಾರೂ ಏನೂ ಅನ್ನೋದಿಲ್ಲ. ಈ ಮಿಷನ್ ಸಂಬಂಧವನ್ನು ನೀವಾಗಿ ಅವರಿಗೆ ಹೇಳಿ, ಯಾಕೆಂದ್ರೆ ಅಲ್ಲಿ ಹೆಚ್ಚಿನವರಿಗೆ ಈ ಸಂಗತಿ ಗೊತ್ತಿಲ್ಲ, ಹೇಳಿದ್ರೆ ಕಣ್ಣರಳಿಸಿ ಕೇಳ್ತಾರೆ.

ಟ್ಯಾಕ್ಸ್ ವಿಷಯ ಬೇಗ ಮುಗಿಸ್ತೇನೆ. ಅನ್‌ಮೆಲ್ಡುಂಗ್ (ವಿಳಾಸ ನೋಂದಣಿ) ಫಾರ್ಮಲ್ಲಿ ಎವಾಂಗೆಲಿಶ್ ಅಂತ ಬರೆದ್ರೆ ಚರ್ಚ್ ಟ್ಯಾಕ್ಸನ್ನು ಸಂಬಳದಿಂದ ಹಿಡಿತಾರೆ, ಈ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮತ್ತು ಬವೇರಿಯಾದಲ್ಲಿ ಇನ್‌ಕಮ್ ಟ್ಯಾಕ್ಸಿನ 8%, ಬೇರೆ ಕಡೆ 9%. ಸಂಬಳದ ಮೇಲಲ್ಲ, ಟ್ಯಾಕ್ಸಿನ ಮೇಲೆ, ಇದನ್ನು ತುಂಬಾ ಜನ ತಪ್ಪು ತಿಳ್ಕೊಳ್ತಾರೆ. ಬರೀದೇ ಇದ್ರೂ ಆರಾಧನೆಗೆ ಬರೋದಕ್ಕೆ ಯಾರ ತಡೆಯೂ ಇಲ್ಲ. ನಾವು ಕೊಡ್ತೇವೆ, ನಾನು ಕೊಡಿ ಅಂತಲೇ ಹೇಳ್ತೇನೆ. ಮೆಂಬರ್ ಆದ್ರೆ ಸಭೆಯ ಚುನಾವಣೆಯಲ್ಲಿ ಓಟ್ ಹಾಕ್ಬಹುದು, ದೀಕ್ಷಾಸ್ನಾನದಲ್ಲಿ ಮಕ್ಕಳಿಗೆ ಜ್ಞಾನಪಿತೃ (ಗಾಡ್‌ಪೇರೆಂಟ್) ಆಗಿ ನಿಲ್ಬಹುದು. ಮನೇಲಿ ಕೂತು ಮಾತಾಡಿ, ನಿಮಗೆ ಹೇಗೆ ಸರಿ ಕಾಣ್ತದೋ ಹಾಗೆ ಮಾಡಿ.

ಮೊಬೈಲ್ ಆರಾಧನೆ ಬೇಡ ಅಂತ ನಾನ್ಯಾಕೆ ಇಷ್ಟು ಒತ್ತಿ ಹೇಳ್ತೇನೆ ಅಂದ್ರೆ, ನನ್ನ ಅಪ್ಪ ತೀರಿಕೊಂಡಾಗ ನಂಗೆ ಸಮಯಕ್ಕೆ ಊರು ಮುಟ್ಟೋಕೆ ಆಗ್ಲಿಲ್ಲ, ಮಣ್ಣು ಮಾಡಿದ್ದನ್ನು ವಿಡಿಯೋದಲ್ಲೇ ನೋಡ್ದೆ. ಆ ಸಂಜೆ ಆ ಅಜ್ಜಿ ಸೂಪ್ ಪಾತ್ರೆ ಹಿಡ್ಕೊಂಡು ಮೂರು ಮಹಡಿ ಮೆಟ್ಟಿಲು ಹತ್ತಿ ಬಂದ್ರು, ಹೆಚ್ಚು ಮಾತಾಡ್ಲಿಲ್ಲ, ಸುಮ್ಮನೆ ಕೂತು ಹೋದ್ರು. ಇಲ್ಲಿ ಅಡ್ವೆಂಟ್‌ಗೆ (ಕ್ರಿಸ್ಮಸ್ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕೆ) ಮುಂಚಿನ ಭಾನುವಾರ ಆ ವರ್ಷ ಸಭೆಯಲ್ಲಿ ತೀರಿಹೋದವರ ಹೆಸರು ಓದಿ ಒಬ್ಬೊಬ್ಬರಿಗೆ ಒಂದೊಂದು ಮೇಣದ ಬತ್ತಿ ಹಚ್ತಾರೆ. ಆ ವಾರ ಪಾಸ್ಟರ್ ಫೋನ್ ಮಾಡಿ, ನಿಮ್ಮ ತಂದೆ ಹೆಸರೂ ಓದ್ಬೇಕು ಅಂತಿದ್ದೇವೆ, ಉಚ್ಚಾರ ಹೇಗೆ ಅಂತ ಕೇಳಿದ್ರು, ಫೋನಲ್ಲೇ ನಾಲ್ಕಾರು ಸಲ ಹೇಳಿ ಹೇಳಿ ಕಲ್ತರು. ಈ ಊರನ್ನೇ ನೋಡದ ನನ್ನಪ್ಪನ ಹೆಸರು ಈ ಊರಿನವರ ಹೆಸರಿನ ಮಧ್ಯೆ ಸ್ಪಷ್ಟವಾಗಿ ಕೇಳಿಸ್ತು. ಊರಿನ ಲೈವ್ ನೋಡಿ, ಅದು ಬೇಕು, ಆದ್ರೆ ಇದು ಅದರಿಂದ ಸಿಗೋದಿಲ್ಲ.

ಭಾರತೀಯರ ಫೆಲೋಶಿಪ್ ಇದ್ರೆ ತಿಂಗಳಿಗೊಮ್ಮೆ ಅಲ್ಲಿಗೂ ಹೋಗಿ. ನಮ್ಮ ಭಾಷೆಯಲ್ಲಿ ಪ್ರಾರ್ಥನೆ ಮಾಡದೇ ಇದ್ರೆ ಒಳಗೆ ಏನೋ ಒಣಗ್ತದೆ, ಅದು ನಿಜ. ಆದ್ರೆ ಭಾನುವಾರ ಬೆಳಿಗ್ಗೆಗೆ ನಡ್ಕೊಂಡು ಹೋಗೋ ದೂರದ ಚರ್ಚೇ ಇರ್ಲಿ, ಯಾಕೆಂದ್ರೆ ಜ್ವರ ಬಂದು ಮಲಗಿದಾಗ ಔಷಧಿ ತಂದು ಕೊಡೋರು ಆ ಬೀದಿಯವರೇ.

ಅಕ್ಟೋಬರ್ ಮೊದಲ ಭಾನುವಾರ ಎರ್ನ್‌ಟೆಡಾಂಕ್ (ಸುಗ್ಗಿಯ ಕೃತಜ್ಞತಾ ಹಬ್ಬ), ನಮ್ಮ ಚರ್ಚಿನ ಬೆಳೆ ಹಬ್ಬದ ಹಾಗೆ, ಕಾಣಿಕೆ ವಸ್ತುಗಳ ಏಲಂ ಮಾತ್ರ ಇರೋದಿಲ್ಲ. ಹಿಂದಿನ ದಿನ ಕುಂಬಳಕಾಯಿ, ಸೇಬು, ಬ್ರೆಡ್ ಎಲ್ಲ ತಂದು ಬಲಿಪೀಠದ ಮುಂದೆ ಜೋಡಿಸ್ತಾರೆ, ಶನಿವಾರ ಯಾವ ಹೊತ್ತಿಗೆ ಅಂತ ಗೆಮೈಂಡೆಬ್ರೀಫ್‌ನಲ್ಲಿ (ಸಭೆಯ ಪತ್ರಿಕೆಯಲ್ಲಿ) ನೋಡಿ ಇಬ್ಬರೂ ಹೋಗಿ. ತೆಂಗಿನಕಾಯಿ ಈಗ ಇಲ್ಲಿನ ಅಂಗಡಿಯಲ್ಲೂ ಸಿಗ್ತದೆ, ಒಂದು ತಗೊಂಡ್ಹೋಗಿ ಇಡಿ.