ಆಂಟಿಫ್ರೀಜ್ ಬೇಡ, ಮೊದಲು ಪೆಟ್ರೋಲ್ ಖಾಲಿ ಮಾಡಿ

ನಮಸ್ಕಾರ ರೀ ಸರ್. ಕೊಲ್ಹಾರದ ಹತ್ತಿರ 16 ಅಡಿಯ ಫೈಬರ್ ಬೋಟ್ ಇದೆ, ಕಾರ್ಬ್ಯುರೇಟರ್ ಇರುವ 9.9 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂದೆ ಸಿಕ್ಕಿಸುವ ಎಂಜಿನ್), ಆಲಮಟ್ಟಿ ಹಿನ್ನೀರು ಇಳೀತಾ ಇದೆ, ಆಗಸ್ಟ್‌ವರೆಗೆ ಹೇಗೆ ಇಡಬೇಕು ಅಂತ ಕೇಳಿದ್ದೀರಿ. ವಿದೇಶದವರ ವಿಡಿಯೋ ನೋಡಿ ಆಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವ) ತರಿಸಬೇಕಾ ಅಂತಲೂ ಕೇಳಿದ್ದೀರಿ. ಅದು ಬೇಡ. ಅಲ್ಲಿ ಚಳಿಗಾಲಕ್ಕೆ ಎಂಜಿನ್‌ನೊಳಗೆ ಉಳಿದ ನೀರು ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆ ಆದಾಗ ಸುಮಾರು 9% ಹಿಗ್ಗುತ್ತದೆ, ಕಬ್ಬಿಣದ ಬ್ಲಾಕ್ ಕೂಡ ಸೀಳಿ ಹೋಗುತ್ತದೆ. ಅವರ ಭಯ ಅದು. ನಮಗೆ ಭಯ ಇರೋದು ಬಿಸಿಲು, ನಿಂತ ಪೆಟ್ರೋಲ್ ಮತ್ತು ಎರೆ ಮಣ್ಣಿನದು.

ಮೊದಲು ಬೋಟನ್ನು ಮೇಲೆ ತನ್ನಿ. ಇನ್ನೊಂದು ವಾರ ಓಡಿಸೋಣ ಅಂತ ಕಾಯಬೇಡಿ. ರಾಜಹಂಸಗಳು ನಿಮ್ಮ ದಡದ ಹತ್ತಿರ ನಿಂತು ಮೇಯುತ್ತಿದ್ದರೆ ಅಲ್ಲಿ ನೀರು ಮೊಣಕಾಲ ಮಟ್ಟಕ್ಕೆ ಬಂದಿದೆ ಅಂತಲೇ ಅರ್ಥ. ಆಮೇಲೆ ಕೆಸರಿನಲ್ಲಿ ಬೋಟ್ ಎಳೆಯಲು ಟ್ರ್ಯಾಕ್ಟರ್ ಕೂಡ ಇಳಿಯೋದಿಲ್ಲ. ಆ ಹಕ್ಕಿಗಳನ್ನೂ ಅವುಗಳ ಪಾಡಿಗೆ ಬಿಡೋಣ, ದೂರದಿಂದ ಬಂದಿರುತ್ತವೆ.

ಈಗ ಎಂಜಿನ್. ಒಂದು 200 ಲೀಟರ್ ಡ್ರಮ್ ತಗೊಳ್ಳಿ. ದ್ರಾಕ್ಷಿಗೆ ಔಷಧಿ ಹೊಡೆಯುವ ಡ್ರಮ್ ಆದರೆ ಎರಡು ಮೂರು ಸಲ ಚೆನ್ನಾಗಿ ತೊಳೆಯಿರಿ. ಪ್ರೊಪೆಲ್ಲರ್ ಬಿಚ್ಚಿಟ್ಟು, ಅದರ ಮೇಲಿರುವ ಅಗಲವಾದ ಪ್ಲೇಟ್ ಮುಳುಗಿ ಇನ್ನೂ ಒಂದು ಗೇಣು ನೀರು ನಿಲ್ಲುವಂತೆ ತುಂಬಿಸಿ. ನ್ಯೂಟ್ರಲ್‌ನಲ್ಲಿ 10 ನಿಮಿಷ ಓಡಿಸಿ. ಒಳಗಿನ ಹೂಳೆಲ್ಲ ತೊಳೆದು ಬರುತ್ತದೆ. ನೀರಿಲ್ಲದೆ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅಂತ ಯಾವತ್ತೂ ಮಾಡಬೇಡಿ. ಎಂಜಿನ್ ತಂಪಾಗಲು ನೀರೆಳೆಯುವ ಪಂಪಿನ ರಬ್ಬರ್ ಚಕ್ರ (ಇಂಪೆಲ್ಲರ್) ಕೆಲವೇ ಸೆಕೆಂಡಿನಲ್ಲಿ ಹಾಳಾಗುತ್ತದೆ.

ಎಂಜಿನ್ ಓಡುತ್ತಿರುವಾಗಲೇ ಪೆಟ್ರೋಲ್ ಪೈಪ್ ಕಳಚಿ. ತಾನಾಗಿ ನಿಲ್ಲುವವರೆಗೆ ಓಡಲಿ. ನಿಂತ ಮೇಲೆ ಕಾರ್ಬ್ಯುರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ. ಆಗಲೂ ಒಂದಿಷ್ಟು ಪೆಟ್ರೋಲ್ ಬರುತ್ತದೆ, ನೋಡಿ. ತೊಂದರೆ ಕೊಡೋದು ಆ ಒಂದಿಷ್ಟೇ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ತೇವ ಜಾಸ್ತಿ ಆದರೆ ನೀರು ಮತ್ತು ಎಥೆನಾಲ್ ಸೇರಿ ತಳಕ್ಕೆ ಕೂರುತ್ತವೆ, ಪೆಟ್ರೋಲ್ ಬೇರೆಯಾಗಿ ಮೇಲೆ ನಿಲ್ಲುತ್ತದೆ. ಉಳಿದ ಪೆಟ್ರೋಲ್ ಬೇಸಿಗೆಯಲ್ಲಿ ಆರಿ ಅಂಟಾಗಿ ಕಾರ್ಬ್ಯುರೇಟರ್‌ನೊಳಗೆ ಪೆಟ್ರೋಲ್ ಹಾಯುವ ಜೆಟ್‌ನ ಸಣ್ಣ ತೂತು ಮುಚ್ಚುತ್ತದೆ. ಹೊಸ ನೀರು ಬಂದ ದಿನ ಎಂಜಿನ್ ಸ್ಟಾರ್ಟ್ ಆಗಿ, ನಡು ಹೊಳೆಯಲ್ಲಿ ನಿಂತರೆ ಸಾಮಾನ್ಯವಾಗಿ ಕಾರಣ ಇದೇ. ಟ್ಯಾಂಕ್‌ನಲ್ಲಿ ಉಳಿದದ್ದನ್ನು ಈ ವಾರವೇ ಬೈಕಿಗೆ ಹಾಕಿ ಮುಗಿಸಿಬಿಡಿ.

ಎಂಜಿನ್ ಬಿಸಿ ಇರುವಾಗಲೇ ಎಂಜಿನ್ ಆಯಿಲ್ ಬದಲಿಸಿ. ಹಳೆ ಆಯಿಲ್‌ನಲ್ಲಿ ಆಮ್ಲ ಸೇರಿರುತ್ತದೆ, ತಿಂಗಳುಗಟ್ಟಲೆ ಒಳಗೆ ನಿಲ್ಲೋದು ಒಳ್ಳೇದಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರ್‌ಗೂ ಒಂದು ಚಮಚ ಎಂಜಿನ್ ಆಯಿಲ್ ಬಿಡಿ. ಕಿಲ್ ಸ್ವಿಚ್ (ಎಂಜಿನ್ ನಿಲ್ಲಿಸುವ ಸ್ವಿಚ್) ಕ್ಲಿಪ್ ತೆಗೆದಿಟ್ಟು ಸ್ಟಾರ್ಟ್ ಮಾಡುವ ಹಗ್ಗವನ್ನು ನಾಲ್ಕೈದು ಸಲ ನಿಧಾನ ಎಳೆಯಿರಿ, ಪ್ಲಗ್ ವಾಪಸ್ ಹಾಕಿ.

ಆಮೇಲೆ ಗೇರ್ ಆಯಿಲ್. ಕೆಳಗಿನ ಸ್ಕ್ರೂ ತೆಗೆದು, ನಂತರ ಮೇಲಿನದು ತೆಗೆಯಿರಿ. ಬರುವ ಆಯಿಲ್‌ನ ಬಣ್ಣ ನೋಡಿ. ಹಾಲು ಬೆರೆಸಿದ ಚಹಾದ ಹಾಗಿದ್ದರೆ ನೀರು ಒಳಗೆ ಹೋಗಿದೆ, ಅದನ್ನು ತಡೆಯುವ ರಬ್ಬರ್ ಸೀಲ್ ಹಾಳಾಗಿದೆ. ನಮ್ಮ ಹಿನ್ನೀರಿನಲ್ಲಿ ಇದಕ್ಕೆ ಒಂದು ಕಾರಣ ಮೀನಿನ ಬಲೆಯ ನೈಲಾನ್ ದಾರ. ಪ್ರೊಪೆಲ್ಲರ್ ಹಿಂದೆ ಶಾಫ್ಟ್‌ಗೆ ಸುತ್ತಿಕೊಂಡು ಸೀಲನ್ನು ಕೊರೆಯುತ್ತದೆ, ಹೊರಗಿನಿಂದ ಕಾಣೋದೇ ಇಲ್ಲ. ಹೋದ ವರ್ಷ ನನ್ನದರಲ್ಲಿ ಕೂದಲಿನಷ್ಟು ತೆಳು ದಾರ ಸುಮಾರು ಎರಡು ಮಾರು ಸಿಕ್ಕಿತು. ಪ್ರೊಪೆಲ್ಲರ್ ಹೇಗೂ ಬಿಚ್ಚಿರುತ್ತೀರಲ್ವಾ, ಶಾಫ್ಟ್ ಒರೆಸಿ, ನೋಡಿ, ಗ್ರೀಸ್ ಹಚ್ಚಿ. ಹೊಸ ಗೇರ್ ಆಯಿಲನ್ನು ಕೆಳಗಿನ ತೂತಿನಿಂದಲೇ ತುಂಬಿಸಿ, ಮೇಲಿನ ತೂತಿನಿಂದ ಹೊರಬರುವವರೆಗೆ. ಮೇಲಿನಿಂದ ಹಾಕಿದರೆ ಒಳಗೆ ಗಾಳಿ ಉಳಿಯುತ್ತದೆ. ಸ್ಕ್ರೂಗಳ ವಾಷರ್ ಹೊಸದೇ ಹಾಕಿ.

ಎಂಜಿನನ್ನು ಬೋಟಿನಿಂದ ಬಿಚ್ಚಿ ಮನೆಗೆ ತಂದು ಸ್ಟ್ಯಾಂಡ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ನೀರು ಹೊರಬರುವ ಸಣ್ಣ ತೂತಿಗೆ ಒಂದು ಬಟ್ಟೆ ತುರುಕಿ. ಇಲ್ಲದಿದ್ದರೆ ಕಣಜ ಬಂದು ಮಣ್ಣಿನ ಗೂಡು ಕಟ್ಟುತ್ತದೆ. ಬಟ್ಟೆಯ ತುದಿ ಹೊರಗೆ ನೇತಾಡಲಿ, ಮರೆಯಬಾರದು. ಬ್ಯಾಟರಿ ಇದ್ದರೆ ತೆಗೆದು ಫುಲ್ ಚಾರ್ಜ್ ಮಾಡಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಲೈಫ್ ಜಾಕೆಟ್‌ಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಇಲಿ ಮುಟ್ಟದ ಕಡೆ ನೇತುಹಾಕಿ.

ಬೋಟ್ ಇಡುವ ಜಾಗದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದ್ರೆ ನನಗೆ ಪೆಟ್ಟು ಬಿದ್ದದ್ದು ಅಲ್ಲೇ. ಮೊದಲ ವರ್ಷ ಎರೆ ಹೊಲದ ಬದುವಿನ ಪಕ್ಕ ನಾಲ್ಕು ಸಿಮೆಂಟ್ ಬ್ಲಾಕ್ ಇಟ್ಟು ಅದರ ಮೇಲೆ ಬೋಟ್ ಕೂರಿಸಿದ್ದೆ. ಮೇ ತಿಂಗಳಲ್ಲಿ ನೆಲ ಕೈ ಹೋಗುವಷ್ಟು ಬಿರಿಯಿತು. ಜೂನ್ ಮಳೆಗೆ ಅದೇ ನೆಲ ಉಬ್ಬಿ ಮೆತ್ತಗಾಯಿತು. ಒಂದು ಬ್ಲಾಕ್ ಕುಸಿದು ಬೋಟಿನ ಭಾರವೆಲ್ಲ ಒಂದೇ ಮೂಲೆಯ ಮೇಲೆ ಬಿತ್ತು. ತಳದಲ್ಲಿ ಮೊಳದುದ್ದ ಬಿರುಕು. ಅದನ್ನು ನೋಡಿದ ದಿನ ಊಟ ಸೇರಲಿಲ್ಲ. ರಿಪೇರಿ ಮುಗಿಯುವಷ್ಟರಲ್ಲಿ ಆಗಸ್ಟ್ ಹೋಗಿತ್ತು.

ಹಾಗಾಗಿ ಮಸಾರಿ ನೆಲ ಅಥವಾ ಗರಸು ಹಾಕಿದ ಜಾಗ ಹುಡುಕಿ. ಎರೆ ನೆಲವೇ ಗತಿ ಅಂದ್ರೆ ದೊಡ್ಡ ಫರಸಿ ಕಲ್ಲು ಹಾಸಿ, ಅದರ ಮೇಲೆ ಹಳೆ ಟೈರ್ ಇಡಿ. ತಳದ ನಡುವಿನ ಉಬ್ಬು ಅಂಚಿಗೆ (ಕೀಲ್) ಉದ್ದಕ್ಕೂ ಆಧಾರ ಸಿಗಬೇಕು, ಪಕ್ಕದ ಟೈರ್‌ಗಳು ವಾಲದಂತೆ ಹಿಡಿದರೆ ಸಾಕು. ಮೂತಿ ಒಂದು ಗೇಣು ಎತ್ತರ ಇರಲಿ, ಹಿಂದಿನ ಬೂಚು ತೆಗೆದಿರಲಿ. ಮಳೆ ನೀರು ಬಿದ್ದರೂ ಹರಿದು ಹೋಗುತ್ತದೆ. ಮಳೆ ಶುರುವಾದ ಮೇಲೆ ವಾರಕ್ಕೊಮ್ಮೆ ಹೋಗಿ ನೋಡಿ ಬನ್ನಿ.

ಜಾಗ ಎತ್ತರದಲ್ಲಿರಲಿ. ಆಲಮಟ್ಟಿ ಜಲಾಶಯ ತುಂಬಿದಾಗಿನ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಹೋದ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಊರಿನ ಅಂಬಿಗರನ್ನು ಕೇಳಿ, ಅದಕ್ಕಿಂತ ಸಾಕಷ್ಟು ಮೇಲೆ ಇಡಿ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದರೆ ನಮ್ಮಲ್ಲಿ ಹನಿ ಬೀಳದಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನ ಪ್ರವಾಹ ಎಲ್ಲರಿಗೂ ನೆನಪಿದೆ.

ಬೋಟನ್ನು ಸೋಪು ನೀರಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ವ್ಯಾಕ್ಸ್ ಹಚ್ಚಿ. ನಮ್ಮ ಬಿಸಿಲಿಗೆ ಫೈಬರ್‌ನ ಮೇಲಿನ ಬಣ್ಣ ಸುಣ್ಣದ ಪುಡಿಯಂತೆ ಉದುರುತ್ತದೆ. ತಾಡಪತ್ರಿಯನ್ನು ಬಿಗಿಯಾಗಿ ಸುತ್ತಬೇಡಿ. ನಡುವೆ ಬಿದಿರು ಕಟ್ಟಿ ಮಾಡಿನ ಹಾಗೆ ಇಳಿಬಿಡಿ, ಎರಡೂ ತುದಿಯಲ್ಲಿ ಗಾಳಿ ಆಡಲಿ. ಮಳೆ ನೀರೂ ನಿಲ್ಲೋದಿಲ್ಲ.

ತೆಗೆದ ಬೂಚನ್ನು ಎಂಜಿನ್ ಹ್ಯಾಂಡಲ್‌ಗೇ ದಾರದಿಂದ ಕಟ್ಟಿಡಿ. ಆಗಸ್ಟ್‌ನಲ್ಲಿ ಎಂಜಿನ್ ಹಿಡಿದ ಕೂಡಲೇ ಕೈಗೆ ತಾಗುತ್ತದೆ. ಗೇರ್ ಆಯಿಲ್ ಇಳಿಸಿದಾಗ ಒಂದು ಬಿಳಿ ಬಟ್ಟಲಿನಲ್ಲಿ ಹಿಡಿದು ಇಲ್ಲೇ ಫೋಟೋ ಹಾಕಿ. ಬೆಳ್ಳಗಿದ್ದರೆ ಸೀಲ್ ಬದಲಿಸೋದು ಹೇಗೆ ಅಂತ ಬರೆಯುತ್ತೇನೆ.